ರೋಬೋಟಿನ ಮುಖಕ್ಕೆ ಮಸಿ

ನಿವೃತ್ತನಾದ ಮೇಲೆ ಅವನು ಕೊಂಡ ಮೊದಲ ರೋಬೋಟ್ ಬೊಂಬೆಯ ಕಿಟ್ ಅದು. ಅಂಟು ಹಾಕುವ ರಗಳೆಯಿಲ್ಲದ, ಹೊಸದಾಗಿ ಕಲಿಯುವವರಿಗೆಂದೇ ಇದ್ದ ಸಣ್ಣ ಪೆಟ್ಟಿಗೆಯನ್ನು ಹುಡುಕಿ ತಂದಿದ್ದ.

"ಈ ವಯಸ್ಸಲ್ಲಿ ಆಟದ ಸಾಮಾನು ಬೇಕಿತ್ತಾ?" ಎಂದಿದ್ದಳು ಹೆಂಡತಿ.

ಅವನು ಪ್ಲಾಸ್ಟಿಕ್ ತುಂಡುಗಳನ್ನು ಚೌಕಟ್ಟಿನಿಂದ ಒಂದೊಂದಾಗಿ ಕತ್ತರಿಸಿ, ಅಂಚು ಉಜ್ಜಿ ನಯ ಮಾಡಿ, ಜೋಡಿಸಿ, ಹಾಲ್‌ನ ಶೋಕೇಸಿನಲ್ಲಿ ನಿಲ್ಲಿಸಿದ.

ಮರುದಿನ ರೋಬೋಟಿನ ಬಿಳಿ ಮುಖಕ್ಕೆ ಮಸಿ ಹತ್ತಿತ್ತು. ಒರೆಸಿದ. ಮತ್ತೆ ಹತ್ತಿತು. ಕೈಗೆಟುಕದಂತೆ ಬೀರುವಿನ ಮೇಲಿಟ್ಟ. ಬೆಳಗ್ಗೆ ಅಲ್ಲೂ ಮಸಿ. ಬೀರುವಿನ ಪಕ್ಕದಲ್ಲಿ ಅಡುಗೆಮನೆಯ ಸ್ಟೂಲು.

"ಇದರ ಮುಖಕ್ಕೆ ಮಸಿ ಬಳೀತಿರೋದು ನೀನೇ ತಾನೆ?"

"ನಾನ್ಯಾಕೆ ಮಸಿ ಬಳೀಲಿ?"

"ಮನೇಲಿರೋದು ನಾವಿಬ್ರೇ. ನಾನು ಮಾಡಿದ್ದು ಅಂದ್ರೆ ನಿಂಗೆ ಮೊದಲಿಂದ್ಲೂ ಸಸಾರ."

ಅವನು ಅವಳ ಕೈ ಹಿಡಿದು ತಿರುಗಿಸಿದ. ಬೆರಳ ತುದಿ ಕಪ್ಪಾಗಿತ್ತು.

"ಈಗೇನಂತೀಯ?"

ಅವಳು ಕೈ ಬಿಡಿಸಿಕೊಂಡಳು.

"ಬಂದೋರ ಕಣ್ಣೆಲ್ಲ ಅದರ ಮೇಲೇ ಇರತ್ತೆ. ದೃಷ್ಟಿಬೊಟ್ಟು ಇಡದೆ ಹೇಗ್ರೀ ಬಿಡ್ಲಿ?"