ಡಯಲ್ಲಿಗೂ ಬಣ್ಣ

"ಅದಕ್ಕೆ ಬಳೀಬೇಡ ಕಣೆ, ಅದು ಡಯಲ್ಲು," ಎಂದು ಮೇಸ್ತ್ರಿ ಕೂಗುವಷ್ಟರಲ್ಲಿ ಹೆಂಡತಿ ಅದರ ಮೇಲೆ ಬಿಳಿ ಬಣ್ಣ ಸವರಿಯಾಗಿತ್ತು. ತಮ್ಮ ಶೆಡ್ಡಿಗೆ ತಂದ ಕಬ್ಬಿಣ ಕೊರೆಯುವ ಸೆಕೆಂಡ್‌ಹ್ಯಾಂಡ್ ಮಿಲ್ಲಿಂಗ್ ಮೆಷಿನ್ನಿನ ಜಿಡ್ಡನ್ನು ಇಬ್ಬರೂ ಮೂರು ದಿನ ಸೀಮೆಎಣ್ಣೆ ಹಾಕಿ ಉಜ್ಜಿದ್ದರು. ಮೈಗೆಲ್ಲ ಹಸಿರು ಬಣ್ಣ ಬಿದ್ದು ಅದು ಹೊಸದರಂತೆ ಮಿಂಚುತ್ತಿತ್ತು. ಈಗ ನೋಡಿದರೆ ಅಳತೆ ತೋರಿಸುವ ಡಯಲ್ಲೇ ಹಾಳಾಯಿತಲ್ಲ ಎಂದು ಅವನು ಓಡಿ ಬಂದ.

"ಸ್ವಲ್ಪ ತಡೀರಿ," ಎಂದವಳೇ ಬೆರಳಿಗೆ ಬಟ್ಟೆ ಬಿಗಿಯಾಗಿ ಸುತ್ತಿಕೊಂಡು, ಆ ಹಸಿ ಬಣ್ಣವನ್ನು ಒರೆಸಿದಳು. ಮೇಲಿನದೆಲ್ಲ ಹೋಯಿತು, ಕೊರೆದ ಗೆರೆಗಳಿಗೂ ಅಂಕಿಗಳಿಗೂ ಇಳಿದದ್ದು ಮಾತ್ರ ಉಳಿಯಿತು.

ಅವನು ಬಗ್ಗಿದ. ಒಂದೊಂದು ಅಂಕಿಯೂ ಬೆಳ್ಳಗೆ ಎದ್ದು ಕಾಣುತ್ತಿತ್ತು. ಒಂದು ವರ್ಷದಿಂದ ಅವನಿಗೆ ಯಾವ ಮೆಷಿನ್ನಿನ ಗೆರೆಗಳೂ ಸರಿಯಾಗಿ ಕಾಣುತ್ತಿರಲಿಲ್ಲ. ಕೈಯಂದಾಜಿನಲ್ಲೇ ಕೆಲಸ ಸಾಗಿಸುತ್ತಿದ್ದ, ಯಾರಿಗೂ ಗುಟ್ಟು ಬಿಟ್ಟುಕೊಟ್ಟಿರಲಿಲ್ಲ.

"ನನ್ನ ಕಣ್ಣಿನ ವಿಷಯ ನಿನಗೆ ಯಾರು ಹೇಳಿದ್ದು?"

"'ನಿನ್ನ ದನಿ ಚೆಂದ' ಅಂತ ದಿನಾ ಪೇಪರ್ ನನ್ನ ಕೈಲೇ ಓದಿಸ್ತೀರಲ್ಲ," ಎಂದಳು ಅವಳು, ಬಟ್ಟೆ ಮಡಚುತ್ತಾ. "ನಾನು ನಂಬಿದೆ ಅಂದ್ಕೊಂಡ್ರಾ?"

ಮೇಸ್ತ್ರಿ ಹ್ಯಾಂಡಲ್ ಹಿಡಿದು ಮೆಲ್ಲಗೆ ತಿರುಗಿಸುತ್ತಾ, ಸೊನ್ನೆಯಿಂದ ಒಂದೊಂದೇ ಅಂಕಿಯನ್ನು ಅವಳಿಗೆ ಕೇಳುವ ಹಾಗೆ ಓದುತ್ತಾ ಹೋದ.