ಏಳನೇ ದ್ವೀಪದ ಮೊದಲ ಗಂಜಿ

ಗಂಧಕದ ವಾಸನೆ ಎಂದರೆ ಪದ್ದಕ್ಕನಿಗೆ, ಅಮ್ಮನ ಸೊಂಟದ ಮೇಲೆ ಕೂತು ಆರನೇ ದ್ವೀಪಕ್ಕೆ ಇಳಿದ ದಿನದ ನೆನಪು. ಕಡಲ ತಳದ ಬೆಂಕಿ ಇದ್ದಲ್ಲೇ ಇತ್ತು. ದ್ವೀಪ ಮಾತ್ರ ಸರಿದು ಸರಿದು, ತಣ್ಣಗಾಗಿ, ಈಗ ಅವಳ ಹೊಸಿಲವರೆಗೂ ಮುಳುಗಿತ್ತು. ಅದೇ ಬೆಂಕಿಯ ಮೇಲೆ ಏಳನೇ ದ್ವೀಪ ಎದ್ದಿತ್ತು.

"ಎಪ್ಪತ್ತು ದಾಟಿದವರಿಗೆ ಅಲ್ಲಿ ಜಾಗ ಇಲ್ಲ ಅಜ್ಜಿ," ಎಂದ, ದೋಣಿ ಹತ್ತಿಸುವ ಗುಮಾಸ್ತ.

"ಮತ್ತೆ ಮೀನಿನ ಜೊತೆ ಸಂಸಾರ ಮಾಡಲಾ ಮಾರಾಯ? ನೀನು ಕುರ್ಚಿ ಹಾಕಿದ ಈ ನೆಲಕ್ಕೆ ಮಣ್ಣು ಹೊತ್ತದ್ದು ನಾನು!" ಪದ್ದಕ್ಕ ಅವನ ಕೈಯ ಹೆಸರಿನ ಪಟ್ಟಿಯನ್ನು ಕಿತ್ತು ನೀರಿಗೆಸೆದಳು.

ಹೊಸ ದ್ವೀಪದ ಬಿಸಿಕಲ್ಲಿನ ಮೇಲೆ ಬೆಂದ ಮೊದಲ ಗಂಜಿ ಉಂಡವರನ್ನು ಅಲ್ಲಿಂದ ಯಾರೂ ಹೊರಹಾಕುವಂತಿಲ್ಲ. ಅದು ಮೊದಲ ದ್ವೀಪದಿಂದಲೂ ನಡೆದುಬಂದ ಪದ್ಧತಿ. ಆಗತಾನೇ ಅಲ್ಲಿಂದ ಮರಳಿದ್ದ ದೋಣಿ ನಡೆಸುವ ಲಚ್ಚಮಿ, ಗುಮಾಸ್ತನತ್ತ ನೋಡದೆಯೇ, ಅಲ್ಲೇ ಬೇಯಿಸಿ ತಂದ, ಗಂಧಕ ನಾರುವ ಗಂಜಿಯ ಪಾತ್ರೆಯನ್ನು ಪದ್ದಕ್ಕನ ಕೈಗಿಟ್ಟಳು.