ಅಕ್ಕನ ಮೊಡವೆ ಜೆಲ್, ನನ್ನ ಮೊಣಕೈ

ಅಕ್ಕನ ಮುಖ ಕೆಡಿಸಿದವನು ನಾನೇ. ಈಗಲೂ ಟೀ ಟ್ರೀ ಎಣ್ಣೆಯ ಕರ್ಪೂರದಂಥ ವಾಸನೆ ಬಂದರೆ ನನ್ನ ಎಡಗೈ ತಾನಾಗಿಯೇ ತುರಿಸುತ್ತದೆ.

ಭಾಲ್ಕಿಯ ಮನೆಯಲ್ಲಿ ಆ ಮಧ್ಯಾಹ್ನ ಅಕ್ಕ ಕೂತಲ್ಲಿ ಕೂಡುತ್ತಿರಲಿಲ್ಲ. ಮರುದಿನ ಔರಾದಿನ ಸಾಲಿಯಲ್ಲಿ ಟೀಚರಾಗಿ ಅವಳ ಮೊದಲ ದಿನ. "ಹುಡುಗ್ರು ಪಾಠ ಬಿಟ್ಟು ನನ್ನ ಮೊಡವಿ ಎಣಸ್ತಾವ," ಎನ್ನುತ್ತ ಲೋಳಸರದ ತಿರುಳು ಕೆರೆದಳು. ಬೀದರದಿಂದ ತಂದ ಟೀ ಟ್ರೀ ಎಣ್ಣೆಯನ್ನು ಎರಡು ಹನಿ ಹಾಕಬೇಕಿತ್ತು; ಅವಸರಕ್ಕೆ ಎಂಟು ಹಾಕಿ ಕಲಸಿದಳು. ಮೊದಲು ನನ್ನ ಎಡ ಮೊಣಕೈಯ ಒಳಮಗ್ಗುಲಿಗೆ ಹಚ್ಚಿ, "ಉರದ್ರ ಹೇಳು," ಎಂದಳು.

ಉರಿಯಿತು. ಸುಮ್ಮನೆ ಹಾಗೆಂದರೆ ಸಾಕಿತ್ತು. ಆದರೆ ಊರವರ ದನಿ ತೆಗೆಯುವುದೇ ನನ್ನ ಕಸುಬಲ್ಲವೆ? ಪಕ್ಕದ ಮನೆಯ ಮುದುಕಿ ಕಾಕುವಿನಂತೆ ಎದೆ ಬಡಿದುಕೊಂಡೆ: "ಅಯ್ಯಯ್ಯೋ ಯವ್ವಾ, ಸುಟ್ಟೇ ಹೋದ್ನಿರೀ! ಡಾಕ್ಟರ್‌ಗ ಕರೀರಿ!"

ಅವ್ವ ಹೊಟ್ಟೆ ಹಿಡಿದು ನಕ್ಕಳು. "ಸಾಕ್ ಬಿಡೋ, ನಾಟಕದಾಂವ," ಎಂದ ಅಕ್ಕ ಎರಡೂ ಗಲ್ಲಕ್ಕೆ ಬಳಿದುಕೊಂಡಳು.

ಹತ್ತೇ ನಿಮಿಷಕ್ಕೆ ಗಲ್ಲಗಳು ಕೆಂಪಗೆ ಉಬ್ಬಿದವು. "ನಂಗೂ ಉರೀತು ಅಂತ ಹೇಳಿದ್ನಲ್ಲಾ," ಎಂದೆ.

ಒದ್ದೆ ಬಟ್ಟೆ ಒತ್ತಿಕೊಂಡೇ ಅಕ್ಕ ತಿರುಗಿದಳು.

"ಒಮ್ಮ್ಯಾದ್ರೂ ನಿನ್ನ ದನಿಲೆ ಹೇಳಿದ್ರ ನಂಬ್ತಿದ್ನಿ."